ಪಚ್ಚೆ ಯಾವ ಊರಿನದು ಅಂತ ಬಣ್ಣ ನೋಡಿ ಹೇಳೋಕಾಗಲ್ಲ

ಮೈಸೂರಿನ ಒಂದು ಸಣ್ಣ ರತ್ನ ಪರೀಕ್ಷೆ ಲ್ಯಾಬಲ್ಲಿ ನನ್ನ ಕೆಲಸ. ನಮ್ಮಲ್ಲಿಗೆ ಬರುವ ಪಚ್ಚೆಗಳಲ್ಲಿ ಜಾಸ್ತಿ ಬುಧ ಗ್ರಹಕ್ಕೆಂದು ಉಂಗುರ ಮಾಡಿಸಲು ಕೊಂಡವು. ಅವರಿಗೆ ಕಲ್ಲು ಅಸಲಿ ಅಂತ ಗೊತ್ತಾದರೆ ಸಾಕು. ಕಷ್ಟ ಇರುವುದು ಇನ್ನೊಂದು ಪ್ರಶ್ನೆಯಲ್ಲಿ: "ಇದು ಕೊಲಂಬಿಯಾದ್ದೇ ತಾನೆ ಸಾರ್?" ಆ ಹೆಸರು ಸೇರಿದರೆ ಬೆಲೆ ಏರುತ್ತದೆ, ಅದಕ್ಕೇ ಕೇಳುತ್ತಾರೆ.

ತುಂಬು ಹಸಿರಾದರೆ ಕೊಲಂಬಿಯಾ, ನೀಲಿ ಛಾಯೆ ಇದ್ದರೆ ಜಾಂಬಿಯಾ ಅನ್ನುವ ಮಾತು ಅಂಗಡಿಗಳಲ್ಲಿ ಓಡುತ್ತದೆ. ಪೂರ್ತಿ ಸುಳ್ಳಲ್ಲ. ಆದರೆ ಕೊಲಂಬಿಯಾದ್ದೇ ಚಿವೋರ್ ಗಣಿಯ ಕಲ್ಲಿನಲ್ಲೂ ನೀಲಿ ಛಾಯೆ ಇರುತ್ತದೆ.

ಬೆರಿಲ್ ಅನ್ನುವ ಖನಿಜಕ್ಕೆ ಕ್ರೋಮಿಯಂ ಅಥವಾ ವೆನೇಡಿಯಂ ಸೇರಿದರೆ ಪಚ್ಚೆ. ಕ್ರೋಮಿಯಂ ಇರುವ ಕಲ್ಲು ನಮ್ಮ ಸಿಂಧುವಳ್ಳಿ ಕಡೆಯೂ ಇದೆ. ಆದರೆ ಬೆರಿಲ್ ಆಗಲು ಬೇಕಾದ ಬೆರಿಲಿಯಂ ಧಾತು ಅದೇ ಜಾಗಕ್ಕೆ ಬಂದು ಸೇರಬೇಕಲ್ವಾ, ಅದೇ ಅಪರೂಪ. ಜಾಂಬಿಯಾದಲ್ಲಿ, ರಾಜಸ್ಥಾನದಲ್ಲಿ ಅವೆರಡೂ ಕೂಡಿದ್ದು ಅಭ್ರಕ ತುಂಬಿದ ಶಿಲೆಯಲ್ಲಿ. ಹಾಗಾಗಿ ಕಲ್ಲಿಗೆ ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ ಹತ್ತಿದೆ. ಕೊಲಂಬಿಯಾದಲ್ಲಿ ಬಿಸಿ ಉಪ್ಪುನೀರು ಕಪ್ಪು ಜೇಡಿಶಿಲೆಯ ಬಿರುಕುಗಳಲ್ಲಿ ಹರಿದು ಪಚ್ಚೆ ಹುಟ್ಟಿತು. ಅಲ್ಲಿ ಕಬ್ಬಿಣ ಕಡಿಮೆ. ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಅಂತ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲೇ ಇದು ಸುಳಿವು ಕೊಡುತ್ತದೆ. ಕೊಲಂಬಿಯಾದ ಕಲ್ಲು ಸಾಮಾನ್ಯವಾಗಿ 1.57ರಿಂದ 1.58ರ ಆಸುಪಾಸು, ಜಾಂಬಿಯಾದ್ದು 1.58 ದಾಟಿ 1.59ರ ಕಡೆಗೆ.

ಆಮೇಲೆ ಮೈಕ್ರೋಸ್ಕೋಪ್. ಈಚೆಗೆ ಒಬ್ಬರು ಮೇಡಂ ಅಜ್ಜಿಯ ಪದಕ ತಂದಿದ್ದರು. ನಡುವಿನ ಪಚ್ಚೆಯೊಳಗೆ ಗರಗಸದ ಹಲ್ಲಿನಂಥ ಅಂಚಿನ ಪುಟ್ಟ ಪೊಳ್ಳು. ಅದರಲ್ಲಿ ದ್ರವ, ಒಂದು ಗಾಳಿಗುಳ್ಳೆ, ಪಕ್ಕದಲ್ಲಿ ಚೌಕನೆಯ ಉಪ್ಪಿನ ಹರಳು. ನಾವು ಅಡುಗೆಗೆ ಹಾಕುವ ಉಪ್ಪೇ ಅದು. ಅವರಿಗೂ ತೋರಿಸಿದೆ. "ಇದು ಕೊಲಂಬಿಯಾ ಗುರುತು ಅಂತ ಓದಿದ್ದೀನಿ" ಅಂದರು. ಓದಿದ್ದು ಸರಿಯೇ. ಆದರೆ ಅಫ್ಘಾನಿಸ್ತಾನದ ಪಂಜ್‌ಶೀರ್ ಕಲ್ಲಿನಲ್ಲೂ, ಜಾಂಬಿಯಾದ ಮುಸಾಕಾಶಿಯ ಕೆಲವು ಕಲ್ಲಿನಲ್ಲೂ ಇಂಥದ್ದೇ ಕಾಣುತ್ತದೆ.

ಇವನ್ನು ಬೇರೆ ಮಾಡಲು, ಕಲ್ಲು ಯಾವ ಬೆಳಕನ್ನು ಹೀರುತ್ತದೆ ಅಂತ ತೋರಿಸುವ ಸ್ಪೆಕ್ಟ್ರೋಮೀಟರಿನಲ್ಲಿ ಕಬ್ಬಿಣದ ಗುರುತು ನೋಡಬೇಕು. ಅದೂ ಸಾಲದಿದ್ದರೆ ಲೇಸರಿನಿಂದ ಕಣ್ಣಿಗೆ ಕಾಣದಷ್ಟು ಚೂರು ತೆಗೆದು ಲಿಥಿಯಂ, ಸೀಸಿಯಂಗಳಂಥ ಧಾತು ಎಷ್ಟಿವೆ ಅಂತ ಅಳೆಯಬೇಕು. ಆ ಯಂತ್ರ ದೊಡ್ಡ ಲ್ಯಾಬುಗಳಲ್ಲಿ ಮಾತ್ರ. ಈ ಪದಕಕ್ಕೆ ಹಿಂದೆ ತಗಡು ಹಾಕಿ ಮುಚ್ಚಿದ್ದರು. ಬೆಳಕು ಹಾಯುವುದಿಲ್ಲ, ಸಾಂದ್ರತೆಗೆ ನೀರಿನಲ್ಲಿ ತೂಗೋಕೂ ಆಗಲ್ಲ. ಬಿಚ್ಚಿಸಲು ಅವರಿಗೆ ಮನಸ್ಸಿರಲಿಲ್ಲ. ಹಳೇ ಕೆಲಸ, ನಾನೂ ಒತ್ತಾಯ ಮಾಡಲಿಲ್ಲ.

"ಕೊಲಂಬಿಯಾ ಇರಬಹುದು ಅಂತಾದ್ರೂ ಬರೀರಿ" ಅಂದರು. ಬರೆಯಲಿಲ್ಲ. ಮುಂದೆ ಕೊಳ್ಳುವವರ ಹೊತ್ತಿಗೆ "ಇರಬಹುದು" ಉದುರಿ "ಕೊಲಂಬಿಯಾ" ಒಂದೇ ಉಳಿಯುತ್ತದೆ. ಸಹಜ ಪಚ್ಚೆ, ಬಿರುಕಿನಲ್ಲಿ ಅದು ಕಾಣದಂತೆ ತುಂಬಿದ ಎಣ್ಣೆ ಇದೆ ಅಂತ ಬರೆದೆ. ಮೂಲದ ಕಾಲಂ ಖಾಲಿ ಬಿಟ್ಟೆ. ದೊಡ್ಡ ಲ್ಯಾಬುಗಳೂ ಮೂಲವನ್ನು ಅಭಿಪ್ರಾಯ ಅಂತಲೇ ಕೊಡುತ್ತವೆ. ಒಂದೇ ಕಲ್ಲಿಗೆ ಎರಡು ಲ್ಯಾಬು ಬೇರೆ ಬೇರೆ ಊರು ಹೇಳಿದ್ದೂ ಉಂಟು.

ಮನೆತನದ ಕಥೆಗಳನ್ನು ನಾನು ಕೇಳಿಸಿಕೊಳ್ಳುತ್ತೇನೆ, ಆದರೆ ಲೆಕ್ಕಕ್ಕೆ ಹಿಡಿಯಲ್ಲ. "ಮುತ್ತಜ್ಜನ ಕಾಲದ ರಾಜಸ್ಥಾನದ ಕಲ್ಲು" ಅನ್ನುತ್ತಾರೆ. ಅಲ್ಲಿ ಪಚ್ಚೆ ಗಣಿ ಶುರುವಾಗಿದ್ದೇ 1940ರ ದಶಕದಲ್ಲಿ. ಮೊಗಲರ ಕಾಲದ ದೊಡ್ಡ ಪಚ್ಚೆಗಳಲ್ಲಿ ಎಷ್ಟೋ ಕಲ್ಲು ಕೊಲಂಬಿಯಾದಿಂದ ಸಮುದ್ರ ದಾಟಿ ಬಂದವು.

ಮೂಲ ಗೊತ್ತಾಗಲೇಬೇಕು ಅಂದರೆ ಕಲ್ಲನ್ನು ಬಿಡಿಯಾಗಿ ತನ್ನಿ. ಬರುವ ಮೊದಲು ಹೊಳೆಯಲಿ ಅಂತ ಅಲ್ಟ್ರಾಸೋನಿಕ್ ಮೆಷಿನ್ನಿಗೆ ಮಾತ್ರ ಹಾಕಿಸಬೇಡಿ. ಬಿರುಕಿನ ಎಣ್ಣೆ ಹೊರಟುಹೋಗುತ್ತದೆ, ಬಿರುಕುಗಳೆಲ್ಲ ಎದ್ದು ಕಾಣುತ್ತವೆ. ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.