ಪುನರ್ವಸು ಮಳೆ, ಕೆಂಪು ದೀಪ

ಜುಲೈ 8, 2024, ಸೋಮವಾರ

ಇವತ್ತೂ ನೆಟ್ ಹೋಗಿ ಕ್ಲಾಸು ಅರ್ಧಕ್ಕೇ ನಿಂತಿತು. ಶನಿವಾರದಿಂದ ಇದು ಮೂರನೇ ಸಂಜೆ.

ಹತ್ತನೇ ಕ್ಲಾಸಿನ ಆರು ಮಕ್ಕಳಿಗೆ ಸಂಜೆ ಏಳರಿಂದ ಎಂಟರವರೆಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಸಮಾಂತರ ಶ್ರೇಢಿ ನಡೀತಿದೆ. 1ರಿಂದ 100ರವರೆಗಿನ ಸಂಖ್ಯೆಗಳನ್ನು ಒಂದೊಂದಾಗಿ ಕೂಡಿಸದೆ ಮೊತ್ತ ಹೇಗೆ ಹೇಳೋದು ಅಂತ ಕೇಳಿದ್ದೆ. ಮೊದಲನೆಯದನ್ನೂ ಕೊನೆಯದನ್ನೂ ಜೋಡಿ ಮಾಡಿ, ಎರಡನೆಯದಕ್ಕೆ ಕೊನೆಯಿಂದ ಎರಡನೆಯದನ್ನು ಜೋಡಿ ಮಾಡಿ ಅಂತ ಹೇಳುತ್ತಿದ್ದೆ. ಒಬ್ಬ ಹುಡುಗಿ "ಮಿಸ್, ಎಲ್ಲಾ ಜೋಡಿಗೂ..." ಅಂತ ಬಾಯಿ ತೆರೆದಳು. ಅಷ್ಟೇ. ಅವಳ ಮುಖ ಹಾಗೇ ನಿಂತುಬಿಟ್ಟಿತು. ಆ ಹುಡುಗಿ ತನ್ನ ಮನೆಯಲ್ಲಿ ಸಿಗ್ನಲ್ ಬರಲ್ಲ ಅಂತ ಈ ಮಳೆಯಲ್ಲಿ ಚಿಕ್ಕಪ್ಪನ ಮನೆಗೆ ನಡೆದು ಬಂದು ಕ್ಲಾಸಿಗೆ ಕೂರುವವಳು. ಉತ್ತರ ಅವಳ ಬಾಯಲ್ಲೇ ಉಳಿಯಿತು. ನನಗೆ ತುಂಬಾ ಬೇಜಾರಾಯಿತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ಹಳ್ಳಿ. ಮೊಬೈಲ್ ಸಿಗ್ನಲ್ ಬೇಕೆಂದರೆ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಬೇಕು. ಮನೆಯೊಳಗೆ ನೆಟ್ ಅಂದರೆ ಕರೆಂಟ್ ಕಂಬದ ಮೇಲೆ ಬರುವ ಆ ಕಪ್ಪು ಫೈಬರ್ ವೈರ್ ಒಂದೇ. ಅದು ಕೈ ಕೊಟ್ಟರೆ ಬೇರೆ ದಾರಿ ಇಲ್ಲ.

ಮೂರು ದಿನವೂ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಎರಡು ನಿಮಿಷಕ್ಕೆ ನೆಟ್ ಬರುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಹೋಗುತ್ತದೆ. ಇವತ್ತು ಒಂದು ಸಲ ಬೇಕಂತಲೇ ಮುಟ್ಟದೆ ಸುಮ್ನೆ ಕೂತು ನೋಡಿದೆ. ಆಗಲೂ ಎರಡು ಮೂರು ನಿಮಿಷಕ್ಕೆ ತಾನೇ ಬಂತು! ಅಂದರೆ ಆಫ್ ಆನ್ ಮಾಡಿದ್ದರಿಂದ ಸರಿಯಾಗುತ್ತಿರಲಿಲ್ಲ. ಅದು ಹೇಗೂ ಬರುವ ಹೊತ್ತಿಗೆ ನಾನು ಸ್ವಿಚ್ ಒತ್ತಿರುತ್ತಿದ್ದೆ.

ನಾಳೆಯಿಂದ ಹೀಗೆ ಕುರುಡಾಗಿ ಏನನ್ನೂ ಮಾಡಲ್ಲ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ನೆಟ್ ಹೋದ ಹೊತ್ತು, ಬಂದ ಹೊತ್ತು ಬರೆಯುತ್ತೇನೆ. ಯಾವಾಗ ಏನಾಯಿತು ಅಂತ ತಾನೇ ಬರೆದಿಡುವ ಲಾಗ್ ಅನ್ನುವ ಪುಟ ರೂಟರ್‌ನಲ್ಲೇ ಇದೆ. ಆದರೆ ನಮ್ಮದರಲ್ಲಿ ಗಡಿಯಾರ ಸೆಟ್ ಆಗಿಲ್ಲ, ಎಲ್ಲ ಸಾಲಿನಲ್ಲೂ 1970ರ ಜನವರಿ 1 ಅಂತ ತೋರಿಸುತ್ತದೆ. ಪುಸ್ತಕವೇ ವಾಸಿ.

ಜುಲೈ 9, ಮಂಗಳವಾರ

ಮಧ್ಯಾಹ್ನ ಬೆಂಗಳೂರಿನ ತಮ್ಮನಿಗೆ ಫೋನ್ ಮಾಡಿದೆ. "ಅಕ್ಕಾ, ವೈಫೈ ಚಾನೆಲ್ ಬದಲಾಯಿಸು. ಆರರಲ್ಲಿದ್ದರೆ ಒಂದಕ್ಕೋ ಹನ್ನೊಂದಕ್ಕೋ ಹಾಕು" ಅಂದ. ಅವನ ಅಪಾರ್ಟ್‌ಮೆಂಟಿಗೆ ಅದು ಸರಿ. ಅಲ್ಲಿ ಫೋನ್ ತೆರೆದರೆ ಇಪ್ಪತ್ತು ಮನೆಯ ವೈಫೈ ಹೆಸರು ಕಾಣುತ್ತದೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲು 1, 6, 11 ಮೂರೇ. ಅಷ್ಟೂ ಮನೆ ಆ ಮೂರರಲ್ಲೇ ಮಾತಾಡಬೇಕು. ನಮ್ಮನೆಯಲ್ಲಿ ಫೋನ್ ತೆರೆದರೆ ನಮ್ಮ ಹೆಸರು ಒಂದೇ ಕಾಣುತ್ತದೆ. ಪಕ್ಕದ ಮನೆ ತೋಟದ ಆಚೆ. ಇಲ್ಲಿ ಯಾರ ಜೊತೆ ಗುದ್ದಾಟ?

ಸಂಜೆ 6.50ಕ್ಕೆ ನೆಟ್ ಹೋಯಿತು. ಈ ಸಲ ಸ್ವಿಚ್‌ಗೆ ಕೈ ಹಾಕಲಿಲ್ಲ. ಮೊದಲು ಫೋನ್ ನೋಡಿದೆ. ವೈಫೈ ಗುರುತು ಪೂರ್ತಿ ಇತ್ತು, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇತ್ತು. ಬ್ರೌಸರಿನಲ್ಲಿ ನಮ್ಮ ರೂಟರ್‌ನ ವಿಳಾಸ 192.168.1.1 ಹೊಡೆದೆ. ರೂಟರ್ ಪುಟ ಥಟ್ಟಂತ ಬಂತು. ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದರೂ ನೆಟ್ ಇಲ್ಲ. ಅಂದರೆ ಫೋನಿನಿಂದ ರೂಟರ್‌ವರೆಗಿನ ದಾರಿ ಚೆನ್ನಾಗಿದೆ. ಮುರಿಯುತ್ತಿರುವುದು ಅಲ್ಲಿಂದ ಆಚೆ. ಇಷ್ಟು ದಿನ ಎಲ್ಲರೂ "ವೈಫೈ ಹೋಯ್ತು" ಅಂತಿದ್ದೆವು. ವೈಫೈ ಒಂದು ಸಲವೂ ಹೋಗಿರಲಿಲ್ಲ.

ಆಮೇಲೆ ಅಡಾಪ್ಟರ್ ಮೇಲೆ ಸಂಶಯ ಬಂತು. ಸಂಜೆ ಹೊತ್ತು ನಮ್ಮ ಕಡೆ ವೋಲ್ಟೇಜ್ ಕಮ್ಮಿ. ಹಳೇ ಅಡಾಪ್ಟರ್ ಆದರೆ 12 ವೋಲ್ಟ್ ಸರಿಯಾಗಿ ಕೊಡದೆ ರೂಟರ್ ತಾನಾಗೇ ಆಫ್ ಆಗಿ ಆನ್ ಆಗುತ್ತದೆ. ಇದು ಎಷ್ಟೋ ಮನೆಗಳಲ್ಲಿ ಆಗುವ ಕಥೆ. ಆದರೆ ಹಾಗಾಗಿದ್ದರೆ ಅದೇ ಪುಟದಲ್ಲಿ ಗೊತ್ತಾಗುತ್ತದೆ. ರೂಟರ್ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವ ಸಾಲು ನೋಡಿದೆ. 23 ಗಂಟೆ ಅಂತಿತ್ತು. ನಿನ್ನೆ ರಾತ್ರಿ ನಾನೇ ಆಫ್ ಮಾಡಿ ಆನ್ ಮಾಡಿದ್ದೆ, ಆಮೇಲೆ ಒಂದು ಸಲವೂ ನಿಂತಿಲ್ಲ. ನೆಟ್ ವಾಪಸ್ ಬಂದ ಮೇಲೆ ಇಂಟರ್ನೆಟ್ ಸಾಲು ನೋಡಿದರೆ 2 ನಿಮಿಷ. ಅಡಾಪ್ಟರ್ ಬಚಾವಾಯಿತು. ಹೊಸದು ತರಲು ಮಾವ ನಾಳೆ ಪೇಟೆಗೆ ಹೊರಟಿದ್ದರು, ಬೇಡ ಅಂದೆ.

ರೂಟರ್ ಮೇಲಿನ ದೀಪಗಳನ್ನೂ ನೋಡಿದೆ. ನೆಟ್ ಹೋದಾಗ ಪಾನ್ ಅನ್ನುವ ಹಸಿರು ದೀಪ ಮಿಟುಕುತ್ತದೆ. ಅದರ ಪಕ್ಕದ ಎಲ್‌ಓಎಸ್ ದೀಪ ಒಂದೊಂದು ಸಲ ಕೆಂಪಾಗುತ್ತದೆ. ಅದು ಕೆಂಪಾಯಿತು ಅಂದರೆ ಫೈಬರ್‌ನಲ್ಲಿ ಬರಬೇಕಾದ ಬೆಳಕು ಬರುತ್ತಿಲ್ಲ ಅಂತ.

ಹಾಗಾದರೆ ವೈರು. ಕಸ್ಟಮರ್ ಕೇರ್‌ಗೆ ಹೇಳಿದೆ. "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಮೇಡಂ, ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ರೀಸೆಟ್ ಮಾಡಿ" ಅಂದರು. ಅದನ್ನು ಮಾತ್ರ ಮಾಡಲಿಲ್ಲ. ಆ ತೂತಿನ ಬಟನ್ ಒತ್ತಿದರೆ ಕಂಪನಿಯ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ. ಅವರು ಬಂದು ಮತ್ತೆ ಹಾಕುವ ತನಕ ಇರುವ ನೆಟ್ಟೂ ಇಲ್ಲ. ಆಫ್ ಆನ್ ಬೇರೆ, ರೀಸೆಟ್ ಬೇರೆ. ದಯವಿಟ್ಟು ಯಾರೂ ಸುಮ್ನೆ ಆ ಪಿನ್ ಚುಚ್ಚಬೇಡಿ.

ಜುಲೈ 10, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೆ ಲೈನಿನ ಹುಡುಗ ಬಂದ. ಬೈಕು ರಸ್ತೆಯಲ್ಲೇ ಬಿಟ್ಟು ತೋಟದ ಹಾದಿಯಲ್ಲಿ ನಡೆದು ಬಂದಿದ್ದ. ಕಾಲಲ್ಲಿ ಎರಡು ಇಂಬಳ. ಅತ್ತೆ ಉಪ್ಪು ಕೊಟ್ಟು, ಒಲೆ ಹತ್ತಿರ ಕೂರಿಸಿ ಚಹಾ ಕೊಟ್ಟರು. ಈ ಮಳೆಯಲ್ಲಿ ಕಂಬ ಹತ್ತುವ ಕೆಲಸ ಸುಲಭದ್ದಲ್ಲ.

ಅವನು ರೂಟರ್ ಹಿಂದಿನ ಹಸಿರು ತಲೆಯ ಕನೆಕ್ಟರ್ ಬಿಚ್ಚಿದ. ನಾನು ಬಗ್ಗಿ ನೋಡಲು ಹೋದೆ. "ಅಕ್ಕಾ, ಅದರ ತುದಿಗೆ ಕಣ್ಣಿಡಬೇಡಿ. ಬೆಳಕು ಕಾಣಲ್ಲ, ಆದ್ರೆ ಇರುತ್ತೆ" ಅಂದ. ಅದು ನಮ್ಮ ಕಣ್ಣಿಗೆ ಕಾಣದ ಬೆಳಕು, ತರಂಗದ ಉದ್ದ 1490 ನ್ಯಾನೋಮೀಟರ್. ಒಳ್ಳೆಯ ಮಾತು ಹೇಳಿದ. ತುದಿಯನ್ನು ಸ್ಪಿರಿಟ್ ಹಾಕಿ ಒರೆಸಿದ. ಸಣ್ಣ ಮೀಟರ್‌ಗೆ ಚುಚ್ಚಿ ತೋರಿಸಿದ. ಮೈನಸ್ 21.5.

"ಇದು ಚೆನ್ನಾಗಿದೆ ಅಕ್ಕಾ. 27 ದಾಟಿದ್ರೆ ತೊಂದ್ರೆ."

ಆ ಲೆಕ್ಕ ನನಗೆ ತುಂಬಾ ಇಷ್ಟವಾಯಿತು. ಅದು ಬೆಳಕಿನ ಬಲದ ಡಿಬಿಎಂ ಅನ್ನುವ ಅಳತೆ. ಇಲ್ಲಿ ಎಲ್ಲವೂ ಮೈನಸ್, ನಂಬರ್ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಮೂರು ಕಮ್ಮಿಯಾದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ, ಹತ್ತು ಕಮ್ಮಿಯಾದರೆ ಹತ್ತರಲ್ಲಿ ಒಂದು ಪಾಲು. ಪೇಟೆಯಿಂದ ಹೊರಟ ಒಂದೇ ಎಳೆಯ ಬೆಳಕನ್ನು ನಡುವೆ ಒಂದು ಡಬ್ಬಿಯಲ್ಲಿ 32 ಮನೆಗೆ ಹಂಚುತ್ತಾರಂತೆ. ಹಂಚಿದ್ದರಲ್ಲಿ ಉಳಿದ ಚೂರು ನಮ್ಮನೆಗೆ ಬರುತ್ತದೆ. ದಾರಿಯಲ್ಲಿ ಇನ್ನಷ್ಟು ಸೋರಿದರೆ ರೂಟರ್‌ಗೆ ಕಾಣುವುದೇ ಇಲ್ಲ.

"ಸಂಜೆ ಮಾತ್ರ ಹೋಗುತ್ತಲ್ಲ, ಯಾಕೆ?" ಅಂತ ಪುಸ್ತಕ ತೋರಿಸಿದೆ. ಅವನಿಗೂ ಹೊಳೆಯಲಿಲ್ಲ. ಆದರೆ ಹೋಗುವಾಗ ಒಂದು ಉಪಕಾರ ಮಾಡಿದ. ರೂಟರ್ ಪುಟದಲ್ಲೇ ಆಪ್ಟಿಕಲ್ ಅನ್ನುವ ಕಡೆ ಈ ನಂಬರ್ ಕಾಣುತ್ತದೆ, ಮೀಟರ್ ಬೇಕಿಲ್ಲ ಅಂತ ತೋರಿಸಿಕೊಟ್ಟ.

ಸಂಜೆ 6.40ಕ್ಕೆ ಮತ್ತೆ ಹೋಯಿತು. ಕ್ಲಾಸಿನಲ್ಲಿ ಐದು ಸಲ. ಮಕ್ಕಳನ್ನು ಬೇಗ ಕಳಿಸಿಬಿಟ್ಟೆ.

ಜುಲೈ 11, ಗುರುವಾರ

ಸಿಕ್ಕಿತು!

ಸಂಜೆ ಆರಕ್ಕೇ ಲ್ಯಾಪ್‌ಟಾಪ್ ಹಿಡಿದು ರೂಟರ್ ಇರುವ ನಡುಮನೆಯಲ್ಲಿ ಕೂತೆ. ಆ ಪುಟ ತೆರೆದಿಟ್ಟು ನಿಮಿಷಕ್ಕೊಮ್ಮೆ ರಿಫ್ರೆಶ್ ಮಾಡುತ್ತಾ ಹೋದೆ. 21.6. 21.6. 21.7. ಹೊರಗೆ ಮಳೆ ಹುಯ್ಯುತ್ತಿತ್ತು. ಮಳೆಗೆ ವೈರ್ ಒದ್ದೆಯಾಗಿ ಹೀಗಾಗುತ್ತಿರಬಹುದು ಅಂತ ಮಾವ ಅಂದಿದ್ದರು. ಅಷ್ಟು ಮಳೆಯಲ್ಲೂ ನಂಬರ್ ಅಲ್ಲಾಡಲಿಲ್ಲ.

6.38ಕ್ಕೆ ಅತ್ತೆ ಬಂದರು. ದೇವರ ಮುಂದೆ ದೀಪ ಹಚ್ಚುವ ಮೊದಲು ಸೊಳ್ಳೆ ಬರುತ್ತೆ ಅಂತ ಕಿಟಕಿ ಹಾಕುವುದು ಅವರ ರೂಢಿ. ಕಿಟಕಿಯ ಬಾಗಿಲು ಕೂರಲಿಲ್ಲ. ಅಂಗೈಯಿಂದ ಎರಡು ಸಲ ಗುದ್ದಿದರು. ಧಡ್, ಧಡ್. ಚಿಲಕ ಹಾಕಿ ಹೋದರು.

ರಿಫ್ರೆಶ್ ಮಾಡಿದೆ. ಮೈನಸ್ 28.3.

ನನ್ನ ಕೈ ಒಂದು ಕ್ಷಣ ಹಾಗೇ ನಿಂತಿತು. ಎದ್ದು ಹೋಗಿ ಚಿಲಕ ತೆಗೆದೆ. 21.8. ಮತ್ತೆ ಹಾಕಿದೆ. 28.1, ಕೆಂಪು ದೀಪ. ತೆಗೆದೆ. 21.8. ಟಾರ್ಚ್ ಬಿಟ್ಟು ಚೌಕಟ್ಟಿನ ಕೆಳಗಿನ ಮೂಲೆ ನೋಡಿದೆ. ಫೈಬರ್ ವೈರ್ ಒಳಗೆ ಬರುವುದೇ ಅಲ್ಲಿಂದ. ಮೂರು ವರ್ಷದ ಹಿಂದೆ ಹಾಕಿದಾಗ ಚೌಕಟ್ಟಿಗೂ ಬಾಗಿಲಿಗೂ ನಡುವೆ ಸಂದಿ ಇತ್ತು, ಅದರಲ್ಲೇ ನುಸುಳಿಸಿದ್ದರು. ಈ ಸಲದ ಮಳೆಗೆ ಮರ ಉಬ್ಬಿದೆ. ಸಂದಿ ಮುಚ್ಚಿಹೋಗಿದೆ. ಕಿಟಕಿ ಹಾಕಿದಾಗ ವೈರ್ ಆ ಮೂಲೆಯಲ್ಲಿ ಬೆರಳಿನ ಗೆಣ್ಣಿನ ಹಾಗೆ ಮಡಚಿಕೊಳ್ಳುತ್ತಿತ್ತು.

ಹುಡುಗ ಬಂದಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಕಿಟಕಿ ತೆರೆದಿದ್ದಾಗ. ಅವನ ಮೀಟರ್ ಸುಳ್ಳು ಹೇಳಿರಲಿಲ್ಲ. ಕಸ್ಟಮರ್ ಕೇರ್‌ನವರು ನೋಡುವ ಹೊತ್ತಿಗೂ ಲೈನ್ ಸರಿಯೇ ಇದ್ದಿರಬೇಕು.

21.8ರಿಂದ 28.3 ಅಂದರೆ ಆರೂವರೆ ಕಮ್ಮಿ. ಬಂದ ಬೆಳಕಿನಲ್ಲಿ ಕಾಲು ಪಾಲೂ ಒಳಗೆ ಹೋಗುತ್ತಿರಲಿಲ್ಲ. ಮಾವ ವೈರ್ ಹಿಡಿದು ನೋಡಿ, "ತೋಟದ ನೀರಿನ ಪೈಪ್ ಮಡಚಿದ ಹಾಗಾಯ್ತು" ಅಂದರು. ಹೆಚ್ಚುಕಮ್ಮಿ ಹಾಗೇ, ಆದರೆ ಒಂದು ವ್ಯತ್ಯಾಸ ಇದೆ. ಪೈಪ್ ಮಡಚಿದರೆ ನೀರು ಹಿಂದೆ ನಿಲ್ಲುತ್ತದೆ. ಇಲ್ಲಿ ಬೆಳಕು ನಿಲ್ಲುವುದಿಲ್ಲ, ಮಡಿಕೆಯಲ್ಲಿ ಗೋಡೆ ದಾಟಿ ಹೊರಗೆ ಹೋಗಿಬಿಡುತ್ತದೆ. ಒಳಗಿನ ಗಾಜಿನ ಎಳೆಯಲ್ಲಿ ಬೆಳಕು ಹರಿಯುವ ಭಾಗ 9 ಮೈಕ್ರಾನ್ ಮಾತ್ರ, ನಮ್ಮ ಕೂದಲಿಗಿಂತ ಎಷ್ಟೋ ಸಣ್ಣದು. ದೊಡ್ಡ ತಿರುವಾದರೆ ಬೆಳಕು ಅದರೊಳಗೇ ತಿರುಗಿಕೊಂಡು ಬರುತ್ತದೆ. ಗಕ್ಕನೆ ಬಗ್ಗಿಸಿದರೆ ಒಳಗೆ ಹಿಡಿದಿಡಲು ಆಗುವುದಿಲ್ಲ.

ಅತ್ತೆ ಅಡುಗೆಮನೆ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಅಯ್ಯೋ, ನಾನು ಗುದ್ದಿದ್ದಕ್ಕಾ? ನನ್ನಿಂದ ಆ ಮಕ್ಕಳ ಪಾಠ ಹೋಯ್ತಲ್ಲೇ" ಅಂದರು. ಮುಖ ಸಣ್ಣದಾಗಿತ್ತು. ಹತ್ತಿರ ಹೋಗಿ ಕೈ ಹಿಡಿದುಕೊಂಡೆ. "ನೀವು ದಿನಾ ಒಂದೇ ಹೊತ್ತಿಗೆ ಕಿಟಕಿ ಹಾಕಿದ್ದಕ್ಕೇ ಸಿಕ್ಕಿದ್ದು ಅತ್ತೆ. ಒಂದೊಂದು ದಿನ ಒಂದೊಂದು ಹೊತ್ತಿಗೆ ಹಾಕಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ" ಅಂದೆ. ನಿಜಕ್ಕೂ ಹಾಗೇ. ಪುಸ್ತಕ ತೆಗೆದು ತೋರಿಸಿದೆ. 6.50, 6.40, 6.38. ಅದು ನೆಟ್ ಹೋದ ಹೊತ್ತು ಅಂತ ನಾನು ಬರೆದಿದ್ದೆ. ಅವರ ದೀಪದ ಹೊತ್ತು ಕೂಡ ಅದೇ.

ಇವತ್ತು ಕಿಟಕಿ ತೆರೆದಿಟ್ಟೇ ಕ್ಲಾಸ್ ಮಾಡಿದೆ. ಅತ್ತೆ ಹೊಗೆ ಹಾಕಿ ಸೊಳ್ಳೆ ಓಡಿಸಿದರು. ನೆಟ್ ಒಂದು ಸಲವೂ ಹೋಗಲಿಲ್ಲ.

ಜುಲೈ 13, ಶನಿವಾರ

ನಿನ್ನೆ ಕರೆಂಟೇ ಇರಲಿಲ್ಲ, ಏನೂ ಆಗಲಿಲ್ಲ.

ಇವತ್ತು ಮಾವ ಉಳಿ ಹಿಡಿದು ಕೂತರು. ಗೋಡೆ ಜಂಬಿಟ್ಟಿಗೆಯದು, ಒಂದೂವರೆ ಅಡಿ ದಪ್ಪ, ಅದಕ್ಕೆ ತೂತು ಹೊಡೆಯುವುದು ಬೇಡ ಅಂದುಕೊಂಡೆವು. ಚೌಕಟ್ಟಿನ ಮೂಲೆಯಲ್ಲಿ ಅರ್ಧ ಬೆರಳು ಆಳದ ಕಾಲುವೆ ಕೆತ್ತಿದರು. ನಾನು ವೈರ್ ಪಕ್ಕಕ್ಕೆ ಹಿಡಿದುಕೊಂಡಿದ್ದೆ. ಒಳಗೆ ಗಾಜು ಇದೆ, ಉಳಿ ತಾಗಿದರೆ ಮುಗಿಯಿತು. ಅವರು ಒಂದೊಂದು ಸಿಬಿರನ್ನೂ ಊದಿ ತೆಗೆದು, ಬೆರಳಾಡಿಸಿ ನೋಡಿ, ಮತ್ತೆ ಕೆತ್ತಿದರು. ಎಪ್ಪತ್ತೆರಡು ವರ್ಷ, ಕೈ ಒಂದು ಚೂರೂ ನಡುಗಲಿಲ್ಲ. ಚೂಪಾದ ಅಂಚು ಉಳಿಯದ ಹಾಗೆ ಉಪ್ಪುಕಾಗದದಲ್ಲಿ ಉಜ್ಜಿದರು. ಹಳೇ ಸೈಕಲ್ ಟ್ಯೂಬಿನ ತುಂಡು ಸೀಳಿ ವೈರ್‌ಗೆ ಹೊದಿಸಿ ಕಾಲುವೆಯಲ್ಲಿ ಕೂರಿಸಿದೆವು.

ಹೊರಗಡೆ ವೈರನ್ನು ಕಿಟಕಿಗಿಂತ ಕೆಳಗೆ ಒಂದು ಸಲ ಜೋತು ಬಿಟ್ಟು ಮೇಲೆ ತಂದೆವು. ಮಳೆನೀರು ವೈರ್ ಹಿಡಿದು ಇಳಿದು ಬಂದರೂ ಆ ಜೋತ ಜಾಗದಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರಲ್ಲ. ರೂಟರ್ ಹಿಂದೆ ಉಳಿದ ವೈರನ್ನು ಯಾರೋ ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಅದನ್ನೂ ಬಿಚ್ಚಿ ಚಹಾ ಲೋಟದ ಬಾಯಿಗಿಂತ ದೊಡ್ಡದಾಗಿ ಸಡಿಲವಾಗಿ ಸುತ್ತಿಟ್ಟೆ. ಅದರಿಂದಲೂ ಸ್ವಲ್ಪ ಬಂತು ಅನ್ನಿಸುತ್ತೆ, ಕಿಟಕಿ ತೆರೆದಾಗ ಈಗ 21.2.

ಸಂಜೆ ಅತ್ತೆಯನ್ನೇ ಕರೆದೆ. "ಎಂದಿನ ಹಾಗೆ ಹಾಕಿ" ಅಂದೆ. ಮೆಲ್ಲಗೆ ತಳ್ಳಿದರು. "ಹಾಗಲ್ಲ, ಗುದ್ದಿ" ಅಂದೆ. ಧಡ್. ಮೂವರೂ ಪರದೆ ನೋಡುತ್ತಾ ನಿಂತೆವು.

21.3.

ಏಳು ಗಂಟೆಗೆ ಆರೂ ಮಕ್ಕಳು ಬಂದರು. ಸೋಮವಾರ ನಿಂತಲ್ಲಿಂದಲೇ ಮತ್ತೆ ಶುರು ಮಾಡಿದೆ. ಗುರುವಾರ ಬೇರೆ ಲೆಕ್ಕ ಮಾಡಿಸಿ ಇದನ್ನು ಆ ಹುಡುಗಿಗೆ ಅಂತಲೇ ಇಟ್ಟಿದ್ದೆ, ಅವತ್ತು ಅವಳು ಬಂದಿರಲಿಲ್ಲ. "ಎಲ್ಲಾ ಜೋಡಿಗೂ... ಅಂತ ಏನೋ ಹೇಳ್ತಿದ್ದೆ ನೀನು" ಅಂದೆ.

"ಎಲ್ಲಾ ಜೋಡಿಗೂ 101 ಬರುತ್ತೆ ಮಿಸ್. ಐವತ್ತು ಜೋಡಿ. 5050."

ಪುಸ್ತಕದಲ್ಲಿ ಇವತ್ತಿನ ಸಾಲು: 6.42, ಕಿಟಕಿ ಹಾಕಿದ್ದು. 8.05, ಕ್ಲಾಸ್ ಮುಗಿದಿದ್ದು. ನಡುವೆ ಬರೆಯಲು ಏನೂ ಇರಲಿಲ್ಲ.