ಅವ್ವನ ಅರ್ಧ ಗುಳಿಗೆ

ಪ್ರತಿ ಭಾನುವಾರ ರಾತ್ರಿ ಊಟ ಆದ ಮೇಲೆ ನನಗೊಂದು ಕೆಲಸ ಇರುತ್ತದೆ. ಸ್ಟೀಲ್ ತಟ್ಟೆ, ಹೊಸ ಬ್ಲೇಡು, ಅವ್ವನ ವಾರ್ಫರಿನ್ ಗುಳಿಗೆ. ಅವ್ವನಿಗೆ ಹೃದಯದ ವಾಲ್ವ್ ಬದಲಿಸಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ಇದನ್ನು ದಿನಾ ತಗೊಳ್ಳಲೇಬೇಕು. ಸೋಮವಾರ, ಬುಧವಾರ, ಶುಕ್ರವಾರ ಒಂದೂವರೆ, ಉಳಿದ ದಿನ ಒಂದು. ಬ್ಲೇಡ್ ಒತ್ತಿದಾಗ ಒಮ್ಮೊಮ್ಮೆ ಸರಿಯಾಗಿ ಎರಡಾಗುತ್ತದೆ. ಒಮ್ಮೊಮ್ಮೆ ಒಂದು ತುಂಡು ತೊಗರಿಬೇಳೆಯಷ್ಟು, ಇನ್ನೊಂದು ಅದಕ್ಕಿಂತ ಸಣ್ಣದು, ತಟ್ಟೆಯಲ್ಲಿ ಚಿಟಿಕೆ ಪುಡಿ. ಆ ಪುಡಿಯಲ್ಲೂ ಔಷಧ ಇದೆ ಅಲ್ವಾ?

ಈ ಔಷಧ ಕಡಿಮೆಯಾದರೆ ರಕ್ತ ಗಟ್ಟಿಯಾಗುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಇದರ ವಿರುದ್ಧ ಕೆಲಸ ಮಾಡುತ್ತದೆ, ಹಾಗಾಗಿ ರೊಟ್ಟಿ ಜೊತೆ ಪುಂಡಿಪಲ್ಯ ಎಷ್ಟು ತಿನ್ನಬೇಕು ಅನ್ನೋದಕ್ಕೂ ಮನೆಯಲ್ಲಿ ಲೆಕ್ಕ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸಿದಾಗೆಲ್ಲ ಪ್ರಮಾಣ ಬದಲಾಗಬಹುದು. ಆದರೆ ಅಂಗಡಿಯಲ್ಲಿ ಸಿಗೋದು ಕಂಪನಿ ಮಾಡಿದ ಅಳತೆಗಳು ಮಾತ್ರ.

ಅದಕ್ಕೇ ತ್ರೀಡಿ ಪ್ರಿಂಟಿಂಗ್‌ನಲ್ಲಿ ಗುಳಿಗೆ ಮಾಡುವ ಸುದ್ದಿ ಸಿಕ್ಕರೆ ನಾನು ಬಿಡದೆ ಓದುತ್ತೇನೆ. ಒಂದು ವಿಧಾನದಲ್ಲಿ ಔಷಧ ಸೇರಿಸಿದ ಹದವಾದ ಮುದ್ದೆಯನ್ನು ಸಿರಿಂಜಿನಲ್ಲಿ ತುಂಬಿ, ಮೆಹಂದಿ ಕೋನ್ ಒತ್ತಿದ ಹಾಗೆ ಎಳೆ ಎಳೆಯಾಗಿ, ಪದರದ ಮೇಲೆ ಪದರ ಕೂರಿಸುತ್ತಾರೆ. ಗುಳಿಗೆಯ ಗಾತ್ರವನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಬದಲಿಸಿದರೆ ಸಾಕು, ಔಷಧದ ಪ್ರಮಾಣವೂ ಬದಲಾಯಿತು. ಸ್ಪೇನ್‌ನ ಸ್ಯಾಂಟಿಯಾಗೊ ಆಸ್ಪತ್ರೆಯಲ್ಲಿ ಹುಟ್ಟಿನಿಂದಲೇ ಬರುವ ಒಂದು ಅಪರೂಪದ ಕಾಯಿಲೆಯ ಮಕ್ಕಳಿಗೆ ಅವರವರಿಗೆ ಬೇಕಾದಷ್ಟೇ ಐಸೋಲ್ಯೂಸಿನ್ ಎಂಬ ಅಮೈನೊ ಆಮ್ಲ ಇರುವ, ಬೇರೆ ಬೇರೆ ಬಣ್ಣ ಮತ್ತು ರುಚಿಯ ಅಗಿಯುವ ಗುಳಿಗೆ ಮುದ್ರಿಸಿ ಕೊಟ್ಟಿದ್ದರು. ಅದರ ವರದಿ 2019ರಲ್ಲಿ ಬಂತು. ಅದಕ್ಕೂ ಮೊದಲೇ, 2015ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ತ್ರೀಡಿ ಪ್ರಿಂಟಿಂಗ್‌ನಲ್ಲೇ ಮಾಡಿದ ಸ್ಪ್ರಿಟಾಮ್ ಎಂಬ ಫಿಟ್ಸ್ ಗುಳಿಗೆಗೆ ಒಪ್ಪಿಗೆ ಕೊಟ್ಟಿತ್ತು. ಅದರಲ್ಲಿ ಪುಡಿಯನ್ನು ಒತ್ತುವುದಿಲ್ಲ, ಹರಡಿದ ಪುಡಿಯ ಮೇಲೆ ದ್ರವದ ಹನಿ ಬಿಟ್ಟು ಅಂಟಿಸುತ್ತಾರೆ, ಒಳಗೆಲ್ಲ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ, ಹಾಗಾಗಿ ಒಂದು ಗುಟುಕು ನೀರಿಗೆ ಬಾಯಲ್ಲೇ ಕರಗುತ್ತದೆ. ನುಂಗಲು ಕಷ್ಟಪಡುವವರಿಗೆ ಇದು ಎಷ್ಟು ದೊಡ್ಡ ವಿಷಯ! ಆದರೆ ಅದು ಕಾರ್ಖಾನೆಯಲ್ಲಿ ಗೊತ್ತಾದ ಅಳತೆಗಳಲ್ಲೇ ತಯಾರಾಗುತ್ತದೆ. ನನಗೆ ಬೇಕಾಗಿರುವುದು ಸ್ಪೇನ್‌ನವರು ಮಾಡಿದಂಥದ್ದು.

ಜ್ವರದ ಗುಳಿಗೆಗೆ ಇದೆಲ್ಲ ಬೇಡ. ಯಂತ್ರ ನಿಧಾನ, ಪ್ರತಿ ಸಲ ಔಷಧ ಸರಿಯಾಗಿ ಬಿದ್ದಿದೆಯೇ ಅಂತ ಪರೀಕ್ಷೆ ಮಾಡಬೇಕು, ಮನೆಯಲ್ಲಿ ಇಟ್ಟುಕೊಳ್ಳುವ ಮಾತಂತೂ ಅಲ್ಲ. ಆದರೆ ನಮ್ಮ ಕಲಬುರಗಿಗೆ ಈಗ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆ ಬಂದಿದೆ. ಅಂಥ ಕಡೆ, ಐಎನ್‌ಆರ್ ನೋಡಿದ ದಿನವೇ, ಮುಂದಿನ ಪರೀಕ್ಷೆವರೆಗಿನ ಗುಳಿಗೆಗಳನ್ನು ಅಳತೆಗೆ ತಕ್ಕಂತೆ ಮಾಡಿಕೊಟ್ಟರೆ ಹೇಗಿರುತ್ತದೆ ಅಂತ ಯೋಚಿಸುತ್ತೇನೆ.

ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ಓದಲು ಬರುವುದಿಲ್ಲ, ರೋಜ್ "ಇವತ್ತ ಒಂದೋ, ಒಂದೂವರೆನೋ?" ಅಂತ ಕೇಳಿಯೇ ನುಂಗುವುದು. ಪೂರ್ತಿ ಕೇಳಿಸಿಕೊಂಡು, "ಒಂದೊಂದು ದಿನಕ್ಕ ಒಂದೊಂದು ಗುರುತು ಹಾಕ್ಲಿಕ್ಕಿ ಬರ್ತದೇನು ಅದರ ಮ್ಯಾಲ?" ಅಂದಳು.

ಬರುತ್ತದೆ ಅವ್ವ. ಕಣ್ಣು ಕಾಣದವರು ಮುಟ್ಟಿ ಓದಲಿ ಅಂತ ಬ್ರೈಲ್ ಚುಕ್ಕಿ ಇರುವ ಗುಳಿಗೆಯನ್ನೂ ಮುದ್ರಿಸಿ ನೋಡಿದ್ದಾರೆ.