ಕುಂಟ ಕಳ್ಳ ಓಡಿದ ರಾತ್ರಿ

ನನ್ನ ಕಳ್ಳ ಆ ರಾತ್ರಿ ಓಡಿದ. ನಾಲ್ಕು ವರ್ಷದಿಂದ ಅವನನ್ನು ಆಡಿಸುತ್ತಿದ್ದವನು ನಾನೇ, ಆದರೂ ಅವನು ಓಡಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಅವನು ಕುಂಟ.

ಟೇಬಲ್ ಸುತ್ತ ಕೂತು ಆಡುವ ರೋಲ್ ಪ್ಲೇಯಿಂಗ್ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ. ಅವರಿಗೆ ಡಂಜನ್ ಮಾಸ್ಟರ್ ಅಂತ ಹೆಸರು, ನಾವು ಮಾತ್ರ ಮೇಷ್ಟ್ರು ಅಂತೀವಿ. ಉಳಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. "ಎದುರಿಗೆ ಬಾಗಿಲಿದೆ. ಏನು ಮಾಡ್ತೀರಿ?" ಅಂತ ಮೇಷ್ಟ್ರು ಕೇಳುತ್ತಾರೆ. ನಾವು ಏನು ಬೇಕಾದರೂ ಹೇಳಬಹುದು. ಆಗುತ್ತೋ ಇಲ್ಲವೋ ಅಂತ ಅನುಮಾನ ಬಂದರೆ 20 ಮುಖದ ದಾಳ ಉರುಳಿಸುವುದು. ಅಷ್ಟೇ ಆಟ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಅರ್ನೆಸನ್ ಸೇರಿ ಮಾಡಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಬಂದಾಗ ಒಂದು ಡಬ್ಬಿ, ಅದರೊಳಗೆ ಮೂರು ತೆಳ್ಳನೆಯ ಪುಸ್ತಕ ಇದ್ದವು. ಈಗಿನ ನಿಯಮದ ಪುಸ್ತಕ ತಲೆಗೆ ಬಿದ್ದರೆ ಪೆಟ್ಟಾಗುತ್ತದೆ. ಆದರೆ "ಏನು ಮಾಡ್ತೀರಿ?" ಅನ್ನುವುದು ಹಾಗೇ ಉಳಿದಿದೆ.

ಕಳ್ಳನ ಕುಂಟು ಯಾವ ಪುಸ್ತಕದಲ್ಲೂ ಇಲ್ಲ. ಆಟ ಶುರುವಾದ ಎರಡನೇ ವಾರ ಅವನು ಮಾಳಿಗೆಯಿಂದ ಹಾರಿದ. ದಾಳ ಹಾಕಿದೆ, 1 ಬಿತ್ತು. "ಮೊಣಕಾಲು ಹೋಯ್ತು" ಅಂದರು ಮೇಷ್ಟ್ರು. ತಂಡದ ಪೂಜಾರಿ ಮಂತ್ರ ಹಾಕಿ ಗಾಯ ವಾಸಿ ಮಾಡಿದ. ಆಮೇಲೆ ನನಗೇ ಏನನ್ನಿಸಿತೋ, ಕುಂಟು ಇರಲಿ ಬಿಡಿ ಅಂದೆ. ಮೇಷ್ಟ್ರು ಒಂದು ಕ್ಷಣ ನನ್ನ ಮುಖ ನೋಡಿ ತಮ್ಮ ನೋಟ್ ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಅಲ್ಲಿಂದ ಮುಂದೆ ಕಾವಲುಗಾರರು ಅವನನ್ನು ಭಿಕ್ಷುಕ ಅಂತ ತಿಳಿದು ಒಳಗೆ ಬಿಡುತ್ತಿದ್ದರು. ಓಡಿ ಪಾರಾಗಬೇಕಾದ ಕಡೆಯೆಲ್ಲ ಉಳಿದವರು ಅವನಿಗಾಗಿ ನಿಂತು ಒದೆ ತಿನ್ನುತ್ತಿದ್ದರು. ಲೆಕ್ಕಕ್ಕೆ ನೋಡಿದರೆ ಅದರಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ.

ನಮ್ಮಲ್ಲಿ ಇಬ್ಬರು ಬೇರೆ ಊರಿಗೆ ಹೋದರು, ಆಟ ನಿಂತಿತು. ಕೆಲವು ತಿಂಗಳಾದ ಮೇಲೆ ಮಂತ್ರವಾದಿ ಪಾತ್ರದ ಗೆಳತಿ ಒಂದು ಉಪಾಯ ಹೇಳಿದಳು. ನಾವು ಆಡುವ ಆಟದ್ದೇ ಆನ್‌ಲೈನ್ ರೂಪ ಇದೆ, ಐದೂ ಜನ ಅದರಲ್ಲೇ ಸೇರೋಣ ಅಂತ. ಆ ಆಟದ ಹೆಸರು ಇಲ್ಲಿ ಬೇಡ. ಅದೇ ಮಂತ್ರಗಳು, ಅದೇ ರಾಕ್ಷಸರು, ಅದೇ ಲೆಕ್ಕಾಚಾರ. ದಾಳವೂ ಅದೇ. ಶನಿವಾರ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಎಲ್ಲರೂ ಕೂತೆವು. ನಾನಂತೂ ಕಳ್ಳನ ಗುಣ, ಸಾಮಾನು ಎಲ್ಲ ಬರೆದಿಟ್ಟಿದ್ದ ಹಳೇ ಹಾಳೆಯನ್ನು ಹುಡುಕಿ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಮೊದಲ ಒಂದೂವರೆ ಗಂಟೆ ಮುಖ ಮಾಡುವುದರಲ್ಲೇ ಹೋಯಿತು. ಹುಬ್ಬಿನ ದಪ್ಪಕ್ಕೆ ಒಂದು ಸ್ಲೈಡರ್, ಮೂಗಿನ ತುದಿಗೆ ಇನ್ನೊಂದು. ಗಾಯದ ಗುರುತಿನಲ್ಲೇ ಎಷ್ಟೋ ಬಗೆ. ಕುಂಟುವುದಕ್ಕೆ ಏನೂ ಇರಲಿಲ್ಲ. ನಡೆಯುವ ಬಟನ್ ಒತ್ತಿದೆ. ನಮ್ಮ ಮುದುಕ ಕಳ್ಳ ಶಾಲೆ ಬಿಟ್ಟ ಹುಡುಗನ ಹಾಗೆ ಕಿತ್ತುಕೊಂಡು ಓಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಊರ ಬಾಗಿಲಲ್ಲಿ ತಲೆ ಮೇಲೆ ಹಳದಿ ಗುರುತು ಹೊತ್ತ ಒಬ್ಬ ಅಜ್ಜ ನಿಂತಿದ್ದ. "ಈ ಊರನ್ನು ಉಳಿಸಬಲ್ಲವರು ನೀವೊಬ್ಬರೇ" ಅಂದ. ಅವನ ಸುತ್ತ ಇನ್ನೂ ಹತ್ತು ಹನ್ನೆರಡು ಆಟಗಾರರು ಸುಮ್ನೆ ಕುಪ್ಪಳಿಸುತ್ತಿದ್ದರು. ಅವರೆಲ್ಲರೂ ನೀವೊಬ್ಬರೇ. ಗೆಳತಿಗೆ ಅಜ್ಜನ ಹೆಸರು ಕೇಳಬೇಕಿತ್ತು. ಅದು ಅವಳ ಅಭ್ಯಾಸ, ಸಿಕ್ಕಿದವರನ್ನೆಲ್ಲ ಹೆಸರು ಕೇಳುತ್ತಾಳೆ. ಒಮ್ಮೆ ಹೀಗೇ ಯಾವುದೋ ಕೋಟೆಯ ಬಾಗಿಲು ಕಾಯುವವನ ಹೆಸರು ಕೇಳಿದ್ದಳು. ಮೇಷ್ಟ್ರು ಅವನಿಗೆ ಹೆಸರನ್ನೇ ಇಟ್ಟಿರಲಿಲ್ಲ, ಎರಡು ಸೆಕೆಂಡ್ ತಡವರಿಸಿ ಏನೋ ಒಂದು ಹೇಳಿದರು. ಮುಂದೆ ಎರಡು ವರ್ಷ ಅವನು ನಮ್ಮ ಜೊತೆಗೇ ಇದ್ದ, ಕೊನೆಗೆ ನಮಗೇ ಮೋಸ ಮಾಡಿದ. ಈ ಅಜ್ಜನ ಕೆಳಗೆ ಇದ್ದದ್ದು ಮೂರೇ ಉತ್ತರ. ಒಪ್ಪಿದೆ, ಒಪ್ಪುವುದಿಲ್ಲ, ಇನ್ನೊಮ್ಮೆ ಹೇಳಿ.

ಗುಹೆಯೊಳಗೆ ಒಂದು ಆಳವಾದ ಕಮರಿ, ಅದರ ಮೇಲೆ ಮುರಿದ ಸೇತುವೆ. ಆಚೆ ಬದಿಯಲ್ಲಿ ಮೂರು ಗಾಬ್ಲಿನ್‌ಗಳು ಒಂದು ಸನ್ನೆಗೋಲು ಕಾಯುತ್ತಿದ್ದವು. ಗಾಬ್ಲಿನ್ ಅಂದರೆ ಕುಳ್ಳ ರಾಕ್ಷಸ. ನಮಗೆ ಹಳೇ ಹುರುಪು ಬಂತು. "ಹಗ್ಗ ಇದೆಯಾ?" ಅಂತ ಯಾರೋ ಕೇಳಿದರು. ನನ್ನ ಹಾಳೆಯಲ್ಲಿ 50 ಅಡಿ ಹಗ್ಗ ಇತ್ತು, ಯಾವಾಗಲೂ ಇರುತ್ತದೆ. ಪರದೆ ಮೇಲಿನ ಚೀಲದಲ್ಲಿ ಇರಲಿಲ್ಲ. ಸರಿ, ಗೆಳತಿ ಜಿಡ್ಡಿನ ಮಂತ್ರ ತೆಗೆದಳು. ನೆಲ ಎಣ್ಣೆ ಚೆಲ್ಲಿದ ಹಾಗೆ ಜಾರುವಂತೆ ಮಾಡುವ ಮಂತ್ರ ಅದು. ಅಂಚಿನಲ್ಲಿ ಹಾಕಿದರೆ ಮೂರೂ ಜಾರಿ ಕಮರಿಗೆ ಬೀಳುತ್ತವೆ ಅನ್ನುವುದು ಅವಳ ಲೆಕ್ಕ. ಹಾಕಿದಳು. ಮೂರೂ ಜಾರಿದವು, ಕುಕ್ಕರಿಸಿದವು, ಎದ್ದವು. ಬೀಳಲಿಲ್ಲ. ಅಂಚಿನಲ್ಲಿ ಕಣ್ಣಿಗೆ ಕಾಣದ ಗೋಡೆ ಇತ್ತು. ಒಂದು ಗಾಬ್ಲಿನ್ ಅಂತೂ ಆ ಗಾಳಿಗೆ ಎದೆ ಒತ್ತಿಕೊಂಡು ನಿಂತಲ್ಲೇ ಓಡುತ್ತಿತ್ತು.

ಟೇಬಲ್ ಆಗಿದ್ದರೆ ಈ ಜಿಡ್ಡಿನ ಮೇಲೆ ಹತ್ತು ನಿಮಿಷ ಜಗಳ ಆಗುತ್ತಿತ್ತು. ನೆಲ ಇಳಿಜಾರಾ, ಕಲ್ಲಾ ಮಣ್ಣಾ, ಗಾಬ್ಲಿನ್ ಕಾಲಲ್ಲಿ ಚಪ್ಪಲಿ ಇದೆಯಾ? ಮೇಷ್ಟ್ರು ಗೊಣಗಿ, ಪುಸ್ತಕ ತಿರುವಿ, ಕೊನೆಗೆ "ಸರಿ, ದಾಳ ಹಾಕು" ಅನ್ನುತ್ತಿದ್ದರು. ಆ ಜಗಳವೇ ಆಟ ಅಂತ ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ. ಅದನ್ನು ಆಟದ ಮಧ್ಯದ ತೊಂದರೆ ಅಂತಲೇ ಅಂದುಕೊಂಡಿದ್ದೆ.

ತಂಡದಲ್ಲಿ ಆರನೇ ಜಾಗ ಖಾಲಿ ಇತ್ತು. ಅಷ್ಟರಲ್ಲಿ ಯಾರೋ ಅಪರಿಚಿತರು ಬಂದು ಸೇರಿದರು. "ಬೇಗ ಬೇಗ" ಅಂತ ಟೈಪ್ ಮಾಡಿ, ನಮಗೆ ಕಾಣದೇ ಇದ್ದ ಒಂದು ಪಕ್ಕದ ದಾರಿಯಲ್ಲಿ ನುಗ್ಗಿ, ಗಾಬ್ಲಿನ್‌ಗಳನ್ನು ಮುಗಿಸಿ, ಸನ್ನೆಗೋಲು ಎಳೆದು ಮುಂದೆ ಹೋಗಿಯೇ ಬಿಟ್ಟರು. ಹತ್ತು ನಿಮಿಷದೊಳಗೆ ಗುಹೆ ಮುಗಿಯಿತು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಹೋಗುವಾಗ ನನಗೊಂದು ಉಂಗುರವನ್ನೂ ಕೊಟ್ಟು ಹೋದರು. ಆ ಗುಹೆ ಅವರಿಗೆ ಅಂಗೈಯಷ್ಟೇ ಪರಿಚಯ. ಅವರ ಕಣ್ಣಿಗೆ ನಾವು ಕಮರಿ ನೋಡುತ್ತಾ ನಿಂತ ಐದು ದಡ್ಡರು ಅಷ್ಟೇ.

ಅವತ್ತು ನನಗೆ 20 ಬಿದ್ದಿತ್ತಂತೆ. ಗೊತ್ತೇ ಆಗಲಿಲ್ಲ. ಪರದೆಯ ಮೂಲೆಯಲ್ಲಿ ಓಡುತ್ತಿದ್ದ ಸಣ್ಣ ಅಕ್ಷರಗಳನ್ನು ಆಮೇಲೆ ಹಿಂದಕ್ಕೆ ಸರಿಸಿ ನೋಡಿದ ಗೆಳತಿ ಹೇಳಿದಳು, ನಾಲ್ಕು ಸಲ ಬಿದ್ದಿದೆ ಅಂತ. 20 ಬೀಳುವ ಸಾಧ್ಯತೆ ಅಲ್ಲೂ ಇಲ್ಲೂ ನೂರಕ್ಕೆ 5. ಆದರೆ ಟೇಬಲ್ ಮೇಲೆ ಒಂದು ಸಂಜೆಗೆ ನಾನು ದಾಳ ಹಾಕುವುದು ಹದಿನೈದೋ ಇಪ್ಪತ್ತೋ ಸಲ. ಹಾಗಾಗಿ 20 ಅಂದರೆ ಕುರ್ಚಿ ಬಿಟ್ಟು ಏಳುವ ವಿಷಯ. ಈಗಿನ ನಿಯಮದಲ್ಲಿ ಕಾಳಗದ ಒಂದು ಸುತ್ತು ಅಂದರೆ 6 ಸೆಕೆಂಡ್. ನಮ್ಮ ಟೇಬಲ್‌ನಲ್ಲಿ ಆ 6 ಸೆಕೆಂಡ್ ಮುಗಿಯಲು ಕಾಲು ಗಂಟೆ ಬೇಕು. ಆನ್‌ಲೈನಿನಲ್ಲಿ ಅದಕ್ಕೆ 6 ಸೆಕೆಂಡೇ ಸಾಕು. ಹಾಗೆ ನೋಡಿದರೆ ನಿಯಮ ಪಾಲಿಸಿದ್ದು ಅವರೇ, ನಾವಲ್ಲ.

ಇಂಥ ಆಟ ಮಾಡುವವರು ಟೇಬಲ್ಲಿನ ಆಟವನ್ನು ಕಂಪ್ಯೂಟರಿಗೆ ತರಲು ಪ್ರಯತ್ನ ಪಟ್ಟಿಲ್ಲ ಅಂತ ಹೇಳಿದರೆ ಅನ್ಯಾಯ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳು ಹಲವರು ಒಟ್ಟಿಗೆ ಆಡುವ ಮಡ್ ಅನ್ನುವ ಆಟ ಶುರು ಮಾಡಿದ್ದು 1978ರಲ್ಲೇ. ಬರೀ ಅಕ್ಷರದ ಆಟ ಅದು. 2002ರ ನೆವರ್‌ವಿಂಟರ್ ನೈಟ್ಸ್‌ನಲ್ಲಂತೂ ಮೇಷ್ಟ್ರಿಗೇ ಒಂದು ಜಾಗ ಇತ್ತು. ಮನುಷ್ಯರೇ ಒಳಗೆ ಬಂದು ಆಟ ನಡೆಸಬಹುದಿತ್ತು. 2006ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆನ್‌ಲೈನ್‌ನ ಕೆಲವು ಸಾಹಸಗಳಲ್ಲಿ ನಿರೂಪಣೆಯ ದನಿ ಸ್ವತಃ ಗೈಗ್ಯಾಕ್ಸ್ ಅವರದು, ಇನ್ನು ಕೆಲವದರಲ್ಲಿ ಅರ್ನೆಸನ್ ಅವರದು. ನಾವು ಆಡಿದ್ದು ಆ ಆಟವಲ್ಲ, ಆದರೆ ಈ ವಿಷಯ ನನಗೆ ತುಂಬ ಕಾಡುತ್ತದೆ. ಆಟ ಹುಟ್ಟಿಸಿದವರೇ ನಿಮ್ಮ ಕಿವಿಯಲ್ಲಿ ಕಥೆ ಹೇಳುತ್ತಿದ್ದಾರೆ. ನೀವು "ಹಗ್ಗ ಕಟ್ಟಲಾ?" ಅಂದರೆ ಅವರಿಗೆ ಕೇಳಿಸುವುದಿಲ್ಲ.

ಇನ್ನೊಂದೂ ಇದೆ. ನಾವು ಒಮ್ಮೆ ಶತ್ರುಗಳು ಬರಬಾರದು ಅಂತ ಒಂದು ಸೇತುವೆ ಸುಟ್ಟಿದ್ದೆವು. ವಾಪಸ್ ಬರುವಾಗ ನಮಗೇ ಸೇತುವೆ ಇಲ್ಲ. ಸುತ್ತಿ ಬರುವುದರಲ್ಲಿ ಆಟದ ಮೂರು ವಾರ ಹೋಯಿತು. ಸಾವಿರಾರು ಜನ ಆಡುವ ಕಡೆ ಸೇತುವೆ ಸುಡಲು ಬಿಟ್ಟರೆ ಹಿಂದೆ ಬರುವವರ ಗತಿ ಏನು? ನನ್ನ ಉಪಾಯ ಚೆನ್ನಾಗಿದೆ ಅಂತ ನನಗೊಬ್ಬನಿಗೆ ರಿಯಾಯಿತಿ ಕೊಟ್ಟರೆ ಉಳಿದವರು ಬಿಡುತ್ತಾರಾ? ಅಲ್ಲಿ ಎಲ್ಲರಿಗೂ ಒಂದೇ ಅಳತೆ. ನಮ್ಮ ಮೇಷ್ಟ್ರು ಪಕ್ಷಪಾತಿ. ಕುಂಟನ ಮೇಲೆ ಅವರಿಗೆ ಪ್ರೀತಿ. ನಾವು ಐದೇ ಜನ ಇದ್ದದ್ದರಿಂದ ನಡೆಯಿತು.

ಮೇಷ್ಟ್ರ ವಿಷಯ ಕೊನೆಗೆ ಇಟ್ಟುಕೊಂಡೆ. ಅವತ್ತು ಅವರಿಗೂ ಒಂದು ಪಾತ್ರ ಸಿಕ್ಕಿತ್ತು, ನಾಲ್ಕು ವರ್ಷದಲ್ಲಿ ಮೊದಲ ಸಲ. ಆಳೆತ್ತರದ ಕೊಡಲಿ ಹಿಡಿದ ಕಾಡುಮನುಷ್ಯ. ನಾವೆಲ್ಲ ಗೊಣಗುತ್ತಿದ್ದರೆ ಅವರು ಮಾತ್ರ ಹೆಡ್‌ಫೋನಿನಲ್ಲಿ ಕೇಕೆ ಹಾಕುತ್ತಿದ್ದರು. "ಏನ್ ಮೇಷ್ಟ್ರೇ, ಬೋರಾಗ್ತಿಲ್ವಾ?" ಅಂತ ಗೆಳತಿ ಕೇಳಿದಳು.

"ಎಂಥ ಬೋರು ಮಾರಾಯ್ತಿ! ಎರಡು ಗಂಟೆ ಆಯ್ತು, ಒಬ್ಬರೂ ನನ್ನನ್ನ ಏನೂ ಕೇಳಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ವಾರಕ್ಕೊಂದು ನಕ್ಷೆ, ಗಾಬ್ಲಿನ್‌ಗಳ ಲೆಕ್ಕ, ನಾವು ಎತ್ತ ಹೋದರೂ ಅಲ್ಲೊಂದು ಊರು. ಎಷ್ಟೋ ಸಲ ಅವರು ರಾತ್ರಿಯೆಲ್ಲ ಕೂತು ಮಾಡಿದ ಗುಹೆಯ ಕಡೆ ತಿರುಗಿಯೂ ನೋಡದೆ ನಾವು ಸಂತೆಗೆ ಹೋಗಿದ್ದೇವೆ. ಆಗೆಲ್ಲ ಅವರು ಒಂದು ಉಸಿರು ಬಿಟ್ಟು ಸಂತೆ ಶುರು ಮಾಡುತ್ತಿದ್ದರು. ಆಟ ನಮಗೆ ಏನು ಬೇಕಾದರೂ ಮಾಡಲು ಬಿಡುತ್ತದೆ ಅಂತ ನಾನು ಎಲ್ಲರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ. ಬಿಡುತ್ತಿದ್ದವರು ಇವರು.

ವಾರದೊಳಗೆ ನಾವು ನಾಲ್ಕೂ ಜನ ಆ ಆಟ ತೆಗೆದು ಹಾಕಿದೆವು. ಮೇಷ್ಟ್ರು ಬಿಡಲಿಲ್ಲ. ಕಾಡುಮನುಷ್ಯ ಈಗ 14ನೇ ಲೆವೆಲ್ಲಿನಲ್ಲಿದ್ದಾನೆ. ನಾವೂ ಯಾರೂ ಒತ್ತಾಯ ಮಾಡಲಿಲ್ಲ. ಆಮೇಲೊಂದು ರಾತ್ರಿ ಅವರಿಂದ ಒಂದು ಚಿತ್ರ ಬಂತು. ಅದೇ ಕಮರಿ. ಅಂಚಿನಲ್ಲಿ ಒಂದು ಗಾಬ್ಲಿನ್, ಗಾಳಿಗೆ ಎದೆ ಕೊಟ್ಟು ಓಡುತ್ತಿದೆ. ಕೆಳಗೆ ಬರೆದಿದ್ದರು: "ಬಿದ್ದಿದ್ರೆ ಕೆಳಗೆ ಏನಿರ್ತಿತ್ತು ಅಂತ ಯೋಚಿಸ್ತಿದ್ದೆ."

"ಏನಿತ್ತು ಮೇಷ್ಟ್ರೇ?" ಅಂತ ಕೇಳಿದೆ.

ಉತ್ತರ ಬರಲು ಸ್ವಲ್ಪ ಹೊತ್ತಾಯಿತು.

"ನಿನ್ನ ಹಗ್ಗ ಎಷ್ಟು ಉದ್ದ ಇದೆ?"